ಮಾಲಿಗೆ ಬಾಗಿಲು, ಆಳಿಗೆ ಬೀಗ

ಸಂಘವೆಂದರೇನು ಎಂಬುದನ್ನು ನಮ್ಮ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತು ಜನ ಒಂದೆಡೆ ಕೂಡಿ, ಚಂದಾ ಎತ್ತಿ, ಒಬ್ಬನ ಕಷ್ಟಕ್ಕೆ ಉಳಿದವರು ಹೆಗಲು ಕೊಡುವುದು ಸಂಘ. ಹತ್ತು ಜನ ವರ್ಷಕ್ಕೊಮ್ಮೆ ಕಲೆತು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು, ಚಹಾ ಕುಡಿದು ಮನೆಗೆ ಹೋಗುವುದೂ ಸಂಘವೆನಿಸಿಕೊಳ್ಳುವುದುಂಟು. ಈ ಎರಡರ ಅಂತರವನ್ನು ಅನುಭವದಿಂದ ಬಲ್ಲವರು ನಾವು. ಆದುದರಿಂದ ನಮ್ಮ ಪೂರ್ವದಿಕ್ಕಿನ ಹನ್ನೊಂದು ರಾಷ್ಟ್ರಗಳು ಕಟ್ಟಿಕೊಂಡಿರುವ ಒಂದು ಸಂಘದ ವಿಚಾರವಾಗಿ ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇವೆ. ಆಗ್ನೇಯ ಏಷ್ಯದ ರಾಷ್ಟ್ರಗಳ ಸಂಘವೆಂದು ಅದರ ಹೆಸರು. ಪತ್ರಿಕೆಗಳಲ್ಲಿ ಆಸಿಯಾನ್ ಎಂದು ಬರುವುದು ಅದೇ.

‘ಪರದೇಶದ ಸುದ್ದಿ ನಮಗೇಕೆ, ನಮ್ಮ ಪಗಾರದ ವಿಷಯ ಬರೆಯಿರಿ’ ಎಂದು ಕೆಲವು ಬಂಧುಗಳು ಆಕ್ಷೇಪಿಸಬಹುದು. ಅವರಿಗೆ ನಾವು ಬಾಣಲೆಯನ್ನು ತೋರಿಸುತ್ತೇವೆ. ವಡೆ, ಬಜೆ, ಪೂರಿ ಕರಿಯುವ ಎಣ್ಣೆ ಬಹಳಷ್ಟು ಹೊಟೇಲುಗಳಲ್ಲಿ ತಾಳೆ ಎಣ್ಣೆಯೇ. ಅದು ನಮ್ಮ ದೇಶಕ್ಕೆ ಬರುವುದು ಮುಖ್ಯವಾಗಿ ಇಂಡೋನೇಶಿಯಾ ಮತ್ತು ಮಲೇಶಿಯಾಗಳಿಂದ. 2022ರ ಏಪ್ರಿಲ್ 28ರಂದು ಇಂಡೋನೇಶಿಯಾ ಸರಕಾರವು ತನ್ನ ಪ್ರಜೆಗಳಿಗೇ ಅಡಿಗೆ ಎಣ್ಣೆ ಕೈಗೆಟುಕುತ್ತಿಲ್ಲವೆಂಬ ಕಾರಣದಿಂದ ರಫ್ತನ್ನು ನಿಲ್ಲಿಸಿಬಿಟ್ಟಿತು. ಮೇ 23ರಂದು ಮತ್ತೆ ಬಿಟ್ಟಿತು. ಆ ಮೂರೂವರೆ ವಾರ ಎಣ್ಣೆ ಡಬ್ಬದ ಮುಂದೆ ಮಾಲೀಕರ ಮುಖ ಹೇಗಿತ್ತೆಂಬುದು ಅಡಿಗೆಮನೆಯಲ್ಲಿ ದುಡಿಯುವವರಿಗೆ ಮರೆತಿರಲಾರದು. ಜಕಾರ್ತದಲ್ಲಿ ಒಂದು ಕಾಗದಕ್ಕೆ ರುಜು ಬಿದ್ದರೆ ಮುಂಬಯಿಯ ಒಲೆಗೆ ಅದರ ಬಿಸಿ ತಟ್ಟುತ್ತದೆ. ಹಾಗಿರುವಾಗ ಅಲ್ಲಿಯ ಸಂಘ ಹೇಗೆ ನಡೆಯುತ್ತದೆಂದು ತಿಳಿದುಕೊಂಡರೆ ನಷ್ಟವೇನೂ ಇಲ್ಲ.

ಇದು ಹುಟ್ಟಿದ್ದು 1967ರ ಆಗಸ್ಟ್ 8ರಂದು, ಬ್ಯಾಂಕಾಕ್ ನಗರದಲ್ಲಿ. ಇಂಡೋನೇಶಿಯಾ, ಮಲೇಶಿಯಾ, ಫಿಲಿಪ್ಪೀನ್ಸ್, ಸಿಂಗಾಪುರ, ಥಾಯ್ಲೆಂಡ್ ಈ ಐವರು ಮೊದಲ ಸದಸ್ಯರು. ಇವರೇನೂ ಪ್ರೀತಿಯಿಂದ ಕೂಡಿದವರಲ್ಲ. 1963ರಿಂದ 1966ರವರೆಗೆ ಇಂಡೋನೇಶಿಯಾವು ಮಲೇಶಿಯಾದ ಮೇಲೆ ಸಶಸ್ತ್ರ ಜಗಳ ಹೂಡಿತ್ತು. ಸಿಂಗಾಪುರವು 1965ರಲ್ಲಿ ಮಲೇಶಿಯಾದ ಮನೆಯಿಂದ ಹೊರಬಿದ್ದಿತ್ತು. ಸಬಾ ಪ್ರಾಂತ ತನ್ನದೆಂದು ಫಿಲಿಪ್ಪೀನ್ಸ್ ವಾದಿಸುತ್ತಿತ್ತು. ಪಕ್ಕದಲ್ಲೇ ವಿಯೆಟ್ನಾಂ ಯುದ್ಧ ಉರಿಯುತ್ತಿತ್ತು. ಭಯ ಕೂಡಿಸಿದ ಸಂಘವಿದು. ಆದರೆ ಭಯದಿಂದ ಹುಟ್ಟಿದ ಸಂಘಗಳೆಲ್ಲ ಕೆಟ್ಟವೆಂದು ನಾವು ಹೇಳಲಾರೆವು. ನಮ್ಮ ಸಂಘಗಳೂ ಹುಟ್ಟಿದ್ದು ಅರ್ಧ ಭಯದಿಂದಲೇ. ಆಮೇಲೆ 1984ರಲ್ಲಿ ಬ್ರೂನೈ, 1995ರಲ್ಲಿ ವಿಯೆಟ್ನಾಂ, 1997ರಲ್ಲಿ ಲಾವೋಸ್ ಮತ್ತು ನಮ್ಮ ಹಿರಿಯರು ಬರ್ಮಾ ಎಂದು ಕರೆಯುತ್ತಿದ್ದ ಮ್ಯಾನ್ಮಾರ್, 1999ರಲ್ಲಿ ಕಾಂಬೋಡಿಯಾ ಬಂದು ಸೇರಿದವು. 2025ರ ಅಕ್ಟೋಬರಿನಲ್ಲಿ ಪೂರ್ವ ತಿಮೋರ್ ಹನ್ನೊಂದನೆಯದಾಯಿತು. ಒಂದು ಕಾಲಕ್ಕೆ ಯಾರ ಭಯದಿಂದ ಒಟ್ಟುಗೂಡಿದ್ದರೋ ಆ ವಿಯೆಟ್ನಾಮನ್ನೇ ಒಳಗೆ ಕರೆದುಕೊಂಡದ್ದು ಈ ಸಂಘದ ದೊಡ್ಡ ಗುಣವೆಂದು ಒಪ್ಪಲೇಬೇಕು.

ವ್ಯಾಪಾರದ ವಿಷಯದಲ್ಲಿ ಮೊದಲ ಇಪ್ಪತ್ತೈದು ವರ್ಷ ನಡೆದುದು ಹೆಚ್ಚಾಗಿ ಭಾಷಣ. 1976ರಲ್ಲಿ ಐದು ದೇಶಗಳಿಗೆ ಐದು ದೊಡ್ಡ ಕಾರಖಾನೆ ಹಂಚಿಕೊಳ್ಳೋಣವೆಂದು ಗೊತ್ತುಮಾಡಿದರು. ಕೊನೆಗೆ ಯೋಜನೆಯಂತೆ ಎದ್ದು ನಿಂತದ್ದು ಇಂಡೋನೇಶಿಯಾ ಮತ್ತು ಮಲೇಶಿಯಾದ ಎರಡು ಯೂರಿಯಾ ಗೊಬ್ಬರದ ಕಾರಖಾನೆಗಳು ಮಾತ್ರ. 1977ರಲ್ಲಿ, ಒಬ್ಬರ ಮಾಲಿಗೆ ಇನ್ನೊಬ್ಬರು ಸುಂಕದಲ್ಲಿ ರಿಯಾಯಿತಿ ಕೊಡುವುದೆಂದು ಒಪ್ಪಂದವಾಯಿತು. ರಿಯಾಯಿತಿ ಕೊಡುವ ವಸ್ತುಗಳ ಯಾದಿಯಲ್ಲಿ ಹಿಮ ಬಾಚುವ ಯಂತ್ರವೂ ಅಣು ವಿದ್ಯುತ್ ಸ್ಥಾವರವೂ ಇದ್ದವೆಂದು ಅಲ್ಲಿಯ ಅರ್ಥಶಾಸ್ತ್ರಜ್ಞರು ಇಂದಿಗೂ ನಗೆಯಾಡುತ್ತಾರೆ. ಬಾಳೆ, ತೆಂಗು ಬೆಳೆಯುವ ನಾಡಿನಲ್ಲಿ ಹಿಮ ಬಾಚುವ ಯಂತ್ರಕ್ಕೆ ರಿಯಾಯಿತಿ! ದೀಪಾವಳಿ ಬೋನಸ್ ಕೇಳಿದರೆ ಉಣ್ಣೆಯ ಕೋಟಿನ ಮೇಲೆ ರಿಯಾಯಿತಿ ಚೀಟಿ ಕೊಟ್ಟ ಹಾಗೆ.

ನಿಜವಾದ ಕೆಲಸ ಆರಂಭವಾದದ್ದು 1992ರ ಜನವರಿಯಲ್ಲಿ, ಸಿಂಗಾಪುರದ ಸಭೆಯಲ್ಲಿ. ತಮ್ಮ ತಮ್ಮೊಳಗಿನ ಮಾಲಿನ ಮೇಲಿನ ಸುಂಕವನ್ನು ಹದಿನೈದು ವರ್ಷಗಳಲ್ಲಿ ನೂರಕ್ಕೆ 5ರ ಒಳಗೆ ಇಳಿಸುವುದೆಂದು ಅಲ್ಲಿ ನಿಶ್ಚಯಿಸಿದರು. ಯುರೋಪಿನವರು ಒಂದಾಗುತ್ತಿದ್ದರು, ಅಮೇರಿಕದವರು ತಮ್ಮ ನೆರೆಯವರೊಡನೆ ಒಪ್ಪಂದ ಮಾಡಿಕೊಳ್ಳುತ್ತಿದ್ದರು, ಚೀನವು ಪರದೇಶದ ಬಂಡವಾಳವನ್ನೆಲ್ಲ ತನ್ನತ್ತ ಸೆಳೆಯುತ್ತಿತ್ತು. ತಡಮಾಡಿದರೆ ಪೇಟೆ ತಪ್ಪುವುದೆಂದು ಇವರಿಗೆ ಮನವರಿಕೆಯಾಯಿತು. ಆಶ್ಚರ್ಯದ ಸಂಗತಿಯೆಂದರೆ ಹದಿನೈದು ವರ್ಷದ ವಾಯಿದೆಯನ್ನು ತಾವಾಗಿಯೇ ಹತ್ತಕ್ಕೆ ಇಳಿಸಿಕೊಂಡರು, ಮುಂದೆ ಇನ್ನೂ ಒಂದು ವರ್ಷ ಮೊಟಕು ಮಾಡಿದರು. 2010ರ ಹೊತ್ತಿಗೆ ಹಳೆಯ ಆರು ಸದಸ್ಯರ ನಡುವೆ ನೂರಕ್ಕೆ 99ಕ್ಕೂ ಮಿಕ್ಕಿ ವಸ್ತುಗಳಿಗೆ ಸುಂಕವೇ ಇಲ್ಲವಾಯಿತು. ಬಡ ಸದಸ್ಯರಾದ ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್, ವಿಯೆಟ್ನಾಂಗಳಿಗೆ ಹೆಚ್ಚು ಕಾಲ ಕೊಟ್ಟರು. 2018ಕ್ಕೆ ಅವರೂ ಬಹುಮಟ್ಟಿಗೆ ಮುಗಿಸಿದರು. ಎಲ್ಲರನ್ನೂ ಒಂದೇ ಕೋಲಿನಿಂದ ಅಳೆಯದೆ ಹಿಂದುಳಿದವನಿಗೆ ವಾಯಿದೆ ಕೊಟ್ಟ ಈ ರೀತಿ ನಮಗೆ ಮೆಚ್ಚುಗೆಯಾಗಿದೆ.

ಇದು ನಡೆಯುವ ಬಗೆಯನ್ನೂ ಸ್ವಲ್ಪ ತಿಳಿಯಬೇಕು. ಥಾಯ್ಲೆಂಡಿನಿಂದ ಮಲೇಶಿಯಾಕ್ಕೆ ಒಂದು ಪೆಟ್ಟಿಗೆ ಹೋಗುವಾಗ, ‘ಇದು ನಮ್ಮವರದೇ ಮಾಲು’ ಎಂಬುದಕ್ಕೆ ಒಂದು ಪತ್ರ ಬೇಕು. ಅದಕ್ಕೆ ಫಾರ್ಮ್ ಡಿ ಎಂದು ಹೆಸರು; ಮಾಲಿನ ಜನ್ಮಪತ್ರವೆಂದರೆ ತಪ್ಪಿಲ್ಲ. ಸಾಧಾರಣವಾಗಿ ವಸ್ತುವಿನ ಬೆಲೆಯಲ್ಲಿ ನೂರಕ್ಕೆ 40 ಭಾಗವಾದರೂ ಈ ಸಂಘದ ದೇಶಗಳೊಳಗೆ ಹುಟ್ಟಿರಬೇಕು. ಒಂದೇ ದೇಶದಲ್ಲಿ ಹುಟ್ಟಬೇಕೆಂದಿಲ್ಲ, ಎಲ್ಲ ಸೇರಿ 40 ಆದರೆ ಸಾಕು. ಈ ನಿಯಮದಿಂದ ಲಾಭ ಪಡೆದವರು ಮುಖ್ಯವಾಗಿ ಮೋಟಾರು ಕಂಪೆನಿಗಳು. ಟೊಯೋಟಾ ಕಂಪೆನಿಯು ಡೀಸೆಲ್ ಇಂಜಿನನ್ನು ಥಾಯ್ಲೆಂಡಿನಲ್ಲಿ, ಪೆಟ್ರೋಲ್ ಇಂಜಿನನ್ನು ಇಂಡೋನೇಶಿಯಾದಲ್ಲಿ, ಗೇರಿನ ಭಾಗಗಳನ್ನು ಫಿಲಿಪ್ಪೀನ್ಸಿನಲ್ಲಿ, ಸ್ಟಿಯರಿಂಗ್ ಭಾಗಗಳನ್ನು ಮಲೇಶಿಯಾದಲ್ಲಿ ಮಾಡಿಸಿ ಒಂದರಿಂದೊಂದಕ್ಕೆ ಕಳಿಸುವ ಏರ್ಪಾಟು ಮಾಡಿಕೊಂಡಿತು. ಒಂದು ಮೋಟಾರು ನಾಲ್ಕು ದೇಶಗಳ ಕೈ ದಾಟಿ ಹುಟ್ಟುತ್ತದೆ. ಒಂದೊಂದು ದೇಶವೂ ಬೇರೆ ಬೇರೆಯಾಗಿ ಸುಂಕ ಕೀಳುತ್ತಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಲಕ್ಷಾಂತರ ಜನರಿಗೆ ಇದರಿಂದ ಕೆಲಸ ಸಿಕ್ಕಿದೆ. ಸುಂಕ ಇಳಿಸುವುದೆಲ್ಲ ಬಂಡವಾಳಗಾರರ ಕುತಂತ್ರವೆಂದು ಸಭೆಗಳಲ್ಲಿ ಗುಡುಗುವವರಿದ್ದಾರೆ. ನಮಗೆ ಆ ಮಾತು ಪೂರ್ತಿ ಹಿಡಿಸುವುದಿಲ್ಲ. ಕಾರಖಾನೆ ಮುಚ್ಚಿದ ಊರಿನಲ್ಲಿ ಬದುಕಿದವರಿಗೆ ಕಾರಖಾನೆ ತೆರೆದ ಊರಿನ ಬೆಲೆ ಗೊತ್ತು.

ಆದರೂ ಇಲ್ಲೊಂದು ಸೋಜಿಗವಿದೆ. ಇಷ್ಟೆಲ್ಲ ಸುಂಕ ತೆಗೆದುಹಾಕಿದ ಮೇಲೂ ಈ ದೇಶಗಳು ಮಾಡುವ ಒಟ್ಟು ವ್ಯಾಪಾರದಲ್ಲಿ ತಮ್ಮ ತಮ್ಮೊಳಗಿನದು ನೂರಕ್ಕೆ 21ರಿಂದ 23ರಷ್ಟರಲ್ಲಿಯೇ ನಿಂತಿದೆ. ಯುರೋಪಿನ ಒಕ್ಕೂಟದಲ್ಲಿ ಅದು 60ರ ಆಸುಪಾಸು. ಕಾರಣ ದೂರ ಹುಡುಕಬೇಕಾಗಿಲ್ಲ. ಕಾಂಬೋಡಿಯಾದ ಹುಡುಗಿ ಹೊಲಿಯುವ ಅಂಗಿಗೆ ಬಟ್ಟೆ ಬರುವುದು ಬಹುಪಾಲು ಚೀನದಿಂದ, ತೊಡುವವನು ಇರುವುದು ಅಮೇರಿಕ ಅಥವಾ ಯುರೋಪಿನಲ್ಲಿ. ಅವಳ ಪಕ್ಕದ ದೇಶದವನಿಗೆ ಆ ಅಂಗಿ ಕೊಳ್ಳುವ ಶಕ್ತಿಯಿಲ್ಲ, ಅಥವಾ ಅವನೂ ಅಂಥದೇ ಅಂಗಿ ಹೊಲಿದು ಅದೇ ಗಿರಾಕಿಗೆ ಮಾರುವವನು. ಪಗಾರ ಸಣ್ಣದಾಗಿ ಇಟ್ಟು ಹೊರಗಿನವರಿಗೆ ಮಾರುವುದೇ ಎಲ್ಲರ ಉದ್ಯಮವಾದರೆ ನೆರೆಹೊರೆಯಲ್ಲಿ ಪೇಟೆ ಬೆಳೆಯುವುದೆಲ್ಲಿಂದ? ಸುಂಕದ ಗೋಡೆ ಬಿದ್ದರೂ ಕೈಯಲ್ಲಿ ಕಾಸಿಲ್ಲದವನು ಗಿರಾಕಿಯಾಗಲಾರ. ಈ ಮಾತು ಆ ಸಂಘದ ವರದಿಗಳಲ್ಲಿ ಬೇರೆ ಭಾಷೆಯಲ್ಲಿ ಬರುತ್ತದೆ, ಆದರೆ ಪಗಾರವೆಂಬ ಶಬ್ದವನ್ನು ಅವರು ಅಪರೂಪಕ್ಕೆ ಬಳಸುತ್ತಾರೆ.

ಈಗ ನಮ್ಮ ಹೊಟೇಲು ಬಂಧುಗಳಿಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಬರುತ್ತೇವೆ. 2015ರ ಡಿಸೆಂಬರ್ 31ರಂದು ಈ ರಾಷ್ಟ್ರಗಳು ತಾವು ಒಂದು ‘ಆರ್ಥಿಕ ಸಮುದಾಯ’ವಾದೆವೆಂದು ಘೋಷಿಸಿದವು. ಮಾಲು, ಸೇವೆ, ಬಂಡವಾಳ ಇವು ತಡೆಯಿಲ್ಲದೆ ಹರಿಯಬೇಕು, ಅದರೊಡನೆ ‘ಕುಶಲ ಕೆಲಸಗಾರರೂ’ ಹರಿಯಬೇಕು ಎಂಬುದು ಉದ್ದೇಶ. ಕುಶಲ ಎಂಬ ಪದವನ್ನು ಗಮನಿಸಬೇಕು. ಯಾರು ಕುಶಲರು? ಎಂಟು ಕಸಬುಗಳನ್ನು ಹೆಸರಿಸಿ, ಒಂದು ದೇಶದ ಅರ್ಹತೆಯನ್ನು ಇನ್ನೊಂದು ಮಾನ್ಯ ಮಾಡಬೇಕೆಂದು ಒಪ್ಪಂದಗಳಾಗಿವೆ. ಇಂಜಿನಿಯರರು, ದಾದಿಯರು, ವಾಸ್ತುಶಿಲ್ಪಿಗಳು, ಭೂಮಾಪಕರು, ವೈದ್ಯರು, ದಂತವೈದ್ಯರು, ಲೆಕ್ಕಪರಿಶೋಧಕರು ಏಳಾದರು. ಎಂಟನೆಯದು ಪ್ರವಾಸ ಮತ್ತು ಹೊಟೇಲು ಕಸಬು!

ಇದನ್ನು ಓದಿದಾಗ ನಮಗೆ ನಿಜವಾಗಿಯೂ ಹೆಮ್ಮೆಯೆನಿಸಿತು. ಏಕೆಂದರೆ ಹೊಟೇಲಿನ ಹುಡುಗನನ್ನು ಕುಶಲ ಕೆಲಸಗಾರನೆಂದು, ಡಾಕ್ಟರ್ ಇಂಜಿನಿಯರರ ಪಂಕ್ತಿಯಲ್ಲಿ ಕೂಡ್ರಿಸಿ, ಹತ್ತು ಸರಕಾರಗಳು ರುಜು ಹಾಕಿದ ಕಾಗದವನ್ನು ನಾವು ಇನ್ನೆಲ್ಲೂ ಕಂಡಿಲ್ಲ. 2009ರಿಂದ 2012ರೊಳಗೆ ಎಲ್ಲರೂ ಅದಕ್ಕೆ ಸಹಿ ಮಾಡಿದರು. ಅದರಲ್ಲಿ 32 ಹುದ್ದೆಗಳ ಯಾದಿಯಿದೆ. ಒಂಬತ್ತು ಪ್ರವಾಸದ ಕಚೇರಿಗಳವು, ಉಳಿದ 23 ಹೊಟೇಲಿನವು. ಮೇಲಿನ ಮ್ಯಾನೇಜರು, ದೊಡ್ಡ ಬಾಣಸಿಗ ಇವರಿರುವುದು ಸಹಜವೇ. ಆದರೆ ವೇಟರ್ ಇದ್ದಾನೆ. ಹೆಡ್ ವೇಟರ್ ಇದ್ದಾನೆ. ಸಾಮಾನು ಹೊರುವ ಬೆಲ್ ಬಾಯ್ ಇದ್ದಾನೆ. ಬ್ರೆಡ್ ಸುಡುವವನು, ಮಾಂಸ ಕೊಯ್ಯುವವನು, ಬಟ್ಟೆ ಒಗೆಯುವ ಲಾಂಡ್ರಿಯವನು, ಕೋಣೆ ಗುಡಿಸುವ ರೂಮ್ ಬಾಯ್, ಕೊನೆಗೆ ಹಜಾರ ಮತ್ತು ಶೌಚಗೃಹಗಳನ್ನು ಸ್ವಚ್ಛ ಮಾಡುವವನ ಹೆಸರೂ ಆ ಯಾದಿಯಲ್ಲಿದೆ. ಪ್ರತಿಯೊಂದು ಹುದ್ದೆಗೂ ಏನೇನು ಬರಬೇಕೆಂದು ಪಾಠಪಟ್ಟಿ ತಯಾರಿಸಿದ್ದಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಎಲ್ಲ ಸದಸ್ಯ ದೇಶಗಳಲ್ಲೂ ಒಪ್ಪತಕ್ಕ ಪ್ರಮಾಣಪತ್ರ ಕೊಡುತ್ತಾರೆ.

ನಮ್ಮಲ್ಲಿ ಇಪ್ಪತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಒಂದು ಹೊಟೇಲು ಬಿಟ್ಟು ಇನ್ನೊಂದಕ್ಕೆ ಹೋದರೆ, ‘ನಾಲ್ಕು ದೋಸೆ ಹೊಯ್ದು ತೋರಿಸು’ ಎನ್ನುತ್ತಾರೆ. ಆದುದರಿಂದ ಈ ಪದ್ಧತಿಯನ್ನು ನಾವು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕಸಬಿಗೂ ಇಂಥದೊಂದು ಪಾಠಪಟ್ಟಿ, ಪ್ರಮಾಣಪತ್ರ ನಮ್ಮ ದೇಶದಲ್ಲಿ ಎಲ್ಲ ಹೊಟೇಲುಗಳಲ್ಲೂ ನಡೆಯುವಂತಾದರೆ ಮೊದಲು ಸ್ವಾಗತಿಸುವವರು ನಾವೇ.

ಇನ್ನು ಕಾಗದದ ಹಿಂಬದಿಯನ್ನು ನೋಡೋಣ. ಈ ಪ್ರಮಾಣಪತ್ರ ಹಿಡಿದ ಜಾವಾದ ವೇಟರನು ಸಿಂಗಾಪುರಕ್ಕೆ ಹೋಗಿ ಕೆಲಸಕ್ಕೆ ನಿಲ್ಲಬಹುದೇ? ನಿಲ್ಲಲಾರ. ಒಪ್ಪಂದದಲ್ಲಿಯೇ ಹೇಳಿದೆ, ಹೋದ ದೇಶದ ಕಾನೂನು ನಿಯಮಗಳಿಗೆ ಅಧೀನವಾಗಿ ಮಾತ್ರ ಎಂದು. ಪರವಾನಿಗೆ, ವೀಸಾ, ಎಷ್ಟು ಜನ ಪರದೇಶದವರನ್ನು ಇಟ್ಟುಕೊಳ್ಳಬಹುದೆಂಬ ಲೆಕ್ಕ, ಮಾಲೀಕನು ಕಟ್ಟಬೇಕಾದ ತೆರಿಗೆ ಇವೆಲ್ಲ ಮೊದಲಿದ್ದಂತೆಯೇ ಇವೆ. ‘ನೀನು ಒಳ್ಳೆಯ ವೇಟರನೆಂದು ನಾವು ಒಪ್ಪುತ್ತೇವೆ, ಆದರೆ ಒಳಗೆ ಬರಬೇಡ’ ಎಂದಂತಾಯಿತು. ಮಾಲಿನ ಜನ್ಮಪತ್ರಕ್ಕೆ ಬಾಗಿಲು ತೆರೆಯುತ್ತದೆ, ಮನುಷ್ಯನ ಪ್ರಮಾಣಪತ್ರಕ್ಕೆ ತೆರೆಯುವುದಿಲ್ಲ. ಯಾದಿಗೆ ಸೇರದ ಹೊಲದ ಆಳು, ಮೀನು ದೋಣಿಯ ಆಳು, ಮನೆಗೆಲಸದ ಹೆಂಗಸು, ಕಟ್ಟಡದ ಕೂಲಿ ಇವರ ಪಾಡಂತೂ ಕೇಳಬಾರದು. ಆ ಭಾಗದಲ್ಲಿ ಗಡಿ ದಾಟಿ ದುಡಿಯುವವರಲ್ಲಿ ಬಹುಪಾಲು ಇವರೇ. ಇವರಿಗಾಗಿ 2007ರಲ್ಲಿ ಸೆಬು ನಗರದಲ್ಲಿ ಒಂದು ಘೋಷಣೆ, 2017ರಲ್ಲಿ ಮನಿಲಾದಲ್ಲಿ ಒಂದು ಒಡಂಬಡಿಕೆ ಹೊರಬಿದ್ದವು. ಎರಡೂ ಓದಲು ಸೊಗಸಾಗಿವೆ. ಪಾಲಿಸದವನನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲ.

ಸಿಂಗಾಪುರಕ್ಕೂ ಮಲೇಶಿಯಾದ ಜೊಹೊರ್ ಪಟ್ಟಣಕ್ಕೂ ನಡುವೆ ಸಮುದ್ರದ ಮೇಲೆ ಒಂದು ಸೇತುಮಾರ್ಗವಿದೆ. ಕೂಗಳತೆಯ ದೂರ. ಮಲೇಶಿಯಾದ ಕಡೆಯಿಂದ ದಿನಾ ಸುಮಾರು ಮೂರು ಲಕ್ಷ ಜನ ಬೆಳಿಗ್ಗೆ ದಾಟಿ ಹೋಗಿ ಸಿಂಗಾಪುರದ ಕಾರಖಾನೆ, ಅಂಗಡಿ, ಹೊಟೇಲುಗಳಲ್ಲಿ ದುಡಿದು ರಾತ್ರಿ ಮರಳುವುದು ವಾಡಿಕೆಯಾಗಿತ್ತು. ವಿರಾರ ಲೋಕಲಿನಲ್ಲಿ ಬಂದು ಹೋಗುವ ನಮ್ಮವರ ಹಾಗೆಯೇ, ನಡುವೆ ಪಾಸ್‌ಪೋರ್ಟ್ ತೋರಿಸಬೇಕೆಂಬುದೊಂದೇ ವ್ಯತ್ಯಾಸ. 2020ರ ಮಾರ್ಚ್ 18ರಂದು ಸಾಂಕ್ರಾಮಿಕದ ಕಾರಣದಿಂದ ಮಲೇಶಿಯಾವು ಗಡಿ ಮುಚ್ಚಿತು. ಹಿಂದಿನ ರಾತ್ರಿ ಸಾವಿರಾರು ಜನ ಕೈಗೆ ಸಿಕ್ಕ ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡು ಸಿಂಗಾಪುರದ ಕಡೆಗೆ ಧಾವಿಸಿದರು, ಕೆಲಸ ಉಳಿಯಬೇಕಲ್ಲ. ಹಾಗೆ ಹೋದವರಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ಮನೆಯ ಮುಖ ಕಾಣಲಿಲ್ಲ. ಆ ಅವಧಿಯಲ್ಲಿ ಅದೇ ಸೇತುವಿನ ಮೇಲೆ ತರಕಾರಿ, ಕೋಳಿ, ಮೊಟ್ಟೆಯ ಲಾರಿಗಳು ನಡೆಯುತ್ತಲೇ ಇದ್ದವು. ಸಿಂಗಾಪುರದವರು ಉಣ್ಣಬೇಕಾದುದು ಸರಿಯೇ, ಅದಕ್ಕೆ ನಮ್ಮ ತಕರಾರಿಲ್ಲ. ಕೋಳಿಗೆ ದಾರಿ ಉಳಿಸುವ ಉಪಾಯವನ್ನು ಹುಡುಕಿದ ಸರಕಾರಗಳಿಗೆ ಅದೇ ವಾರ ತಾಯಿಗೂ ದಾರಿ ಉಳಿಸುವ ಉಪಾಯ ಹೊಳೆಯಲಿಲ್ಲವೆಂಬುದೇ ನಮ್ಮ ಮಾತು. ಅದೇ ತಿಂಗಳ ಕೊನೆಗೆ ನಮ್ಮ ಹೊಟೇಲು ಹುಡುಗರಿಗೂ ಈ ಮಹಾನಗರದಲ್ಲಿ ಏನಾಯಿತೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಒಂದು ಭಾಗ್ಯವನ್ನೂ ಹೇಳದಿದ್ದರೆ ಕೃತಘ್ನರಾದೇವು. ಉಡುಪಿ, ಕುಂದಾಪುರ, ಬಂಟವಾಳಗಳ ಕಡೆಯಿಂದ ಒಂದು ಟ್ರಂಕು ಹಿಡಿದು ಬಂದ ಹದಿನಾರರ ಹುಡುಗನನ್ನು ಮುಂಬಯಿಯ ಬಾಗಿಲಲ್ಲಿ ಯಾರೂ ‘ನಿನ್ನ ಪರವಾನಿಗೆ ಎಲ್ಲಿ’ ಎಂದು ಕೇಳಲಿಲ್ಲ. 1966ರ ನಂತರದ ಕೆಲವು ವರ್ಷಗಳಲ್ಲಿ ದಕ್ಷಿಣದವರ ಹೊಟೇಲುಗಳ ಮೇಲೆ ಕಲ್ಲು ಬಿದ್ದುದನ್ನು ಹಿರಿಯರು ಬಲ್ಲರು. ಆದರೆ ಅಂದೂ ಕಾನೂನು ನಮ್ಮ ಕಡೆಗಿತ್ತು. ದೇಶದ ಯಾವ ಮೂಲೆಗೂ ಹೋಗಿ ದುಡಿಯುವ ಹಕ್ಕನ್ನು ಸಂವಿಧಾನವು ಕೊಟ್ಟಿದೆ. ಹತ್ತು ಭಾಷೆ, ಹತ್ತು ಊಟ, ಹತ್ತು ದೇವರ ನಾಡುಗಳನ್ನು ಒಂದು ಪೇಟೆಯಾಗಿಸುವುದು ಸುಲಭವಲ್ಲವೆಂದು ಆಗ್ನೇಯ ಏಷ್ಯದವರು ಹೇಳುವಾಗ ಅದು ಸುಳ್ಳಲ್ಲ. ಆದರೆ ಮಾಲಿನೊಡನೆ ಮನುಷ್ಯನೂ ನಡೆದಾಡಿದರೆ ಆಕಾಶ ಕಳಚಿ ಬೀಳುವುದಿಲ್ಲವೆಂಬುದಕ್ಕೆ ಈ ನಗರದ ಪ್ರತಿ ಮೂಲೆಯ ಇಡ್ಲಿಯೂ ಸಾಕ್ಷಿ.

ಗಿರಣಿ ಬಂಧುಗಳ ದೃಷ್ಟಿಯಿಂದ ಇನ್ನೊಂದು ಸಂಗತಿ. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ನಂತರ ನಮ್ಮ ಗಿರಣಿಗಳ ಭೋಂಗಾ ಒಂದೊಂದಾಗಿ ನಿಂತಿತು. ಜಗತ್ತಿನ ಬಟ್ಟೆ ಮಾತ್ರ ನಿಲ್ಲಲಿಲ್ಲ, ಅಗ್ಗದ ಕೈಗಳಿರುವ ಕಡೆಗೆ ನಡೆಯಿತು. ಆ ಹಾದಿಯಲ್ಲಿ ಒಂದು ತಂಗುದಾಣ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್. 2013ರಲ್ಲಿ ಅಲ್ಲಿಯ ಹೊಲಿಗೆ ಕಾರಖಾನೆಗಳ ಕನಿಷ್ಠ ವೇತನ ತಿಂಗಳಿಗೆ 80 ಡಾಲರ್. 160 ಬೇಕೆಂದು ಕೆಲಸಗಾರರು ವರ್ಷಾಂತ್ಯದಲ್ಲಿ ಬೀದಿಗಿಳಿದರು, ಅವರಲ್ಲಿ ಬಹುತೇಕರು ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು. 2014ರ ಜನವರಿ 3ರಂದು ವೆಂಗ್ ಸ್ರೆಂಗ್ ಬೀದಿಯಲ್ಲಿ ಗುಂಡು ಹಾರಿತು, ಕನಿಷ್ಠ ನಾಲ್ವರು ಸತ್ತರು. ಆದರೂ ಹೋರಾಟ ವ್ಯರ್ಥವಾಗಲಿಲ್ಲ. ಆ ವರ್ಷವೇ 100, 2015ರಲ್ಲಿ 128, ಹೀಗೆ ಏರುತ್ತ 2024ಕ್ಕೆ 204 ಡಾಲರ್ ಆಯಿತು. ಇದನ್ನು ತಂದುಕೊಟ್ಟದ್ದು ಆ ಹೆಣ್ಣುಮಕ್ಕಳ ಸಂಘವೇ ಹೊರತು ರಾಷ್ಟ್ರಗಳ ಸಂಘವಲ್ಲ. ರಾಷ್ಟ್ರಗಳ ಸಂಘದಲ್ಲಿ ಒಬ್ಬರ ಮನೆಯ ವಿಷಯದಲ್ಲಿ ಇನ್ನೊಬ್ಬರು ಬಾಯಿ ಹಾಕಕೂಡದೆಂಬ ನಿಯಮವಿದೆ. ಮಾಲಿನ ಬೆಲೆಯಲ್ಲಿ ನೂರಕ್ಕೆ 40 ಭಾಗ ನಮ್ಮೊಳಗೆ ಹುಟ್ಟಿರಬೇಕೆಂದು ಲೆಕ್ಕ ಕೇಳುವವರು, ಅದರಲ್ಲಿ ಕೆಲಸಗಾರನಿಗೆ ಎಷ್ಟು ಹೋಯಿತೆಂದು ಕೇಳುವುದಿಲ್ಲ. ಎಲ್ಲ ಸದಸ್ಯರಿಗೂ ಅನ್ವಯಿಸುವ ವೇತನದ ಕನಿಷ್ಠ ಮಟ್ಟವೊಂದು ಅಲ್ಲಿಲ್ಲ. ಇಲ್ಲದ ಕಾರಣ ಮಾಲೀಕನು, ‘ಹೆಚ್ಚು ಕೇಳಿದರೆ ಪಕ್ಕದ ದೇಶಕ್ಕೆ ಹೋಗುತ್ತೇನೆ’ ಎಂದು ಪ್ರತಿಯೊಂದು ದೇಶದಲ್ಲೂ ಹೇಳಬಲ್ಲ. ಮಾಲೀಕ ಹೋಗಬಲ್ಲ, ಯಂತ್ರ ಹೋಗಬಲ್ಲದು, ಆಳು ಮಾತ್ರ ಹಿಂಬಾಲಿಸಲಾರ.

ಸಂಘದ ಬಲ ತಿಳಿಯುವುದು ಹೊರಗಿನವನು ಬಾಗಿಲು ಬಡಿದಾಗ. 2025ರ ಏಪ್ರಿಲ್ 2ರಂದು ಅಮೇರಿಕದ ಅಧ್ಯಕ್ಷರು ಪರದೇಶದ ಮಾಲಿನ ಮೇಲೆ ಭಾರಿ ಸುಂಕ ಸಾರಿದರು. ಕಾಂಬೋಡಿಯಾಕ್ಕೆ ನೂರಕ್ಕೆ 49, ವಿಯೆಟ್ನಾಂಗೆ 46. ಜಗತ್ತಿನಲ್ಲೇ ಹೆಚ್ಚಿನ ಪೆಟ್ಟು ತಿಂದವರ ಸಾಲಿನಲ್ಲಿ ಇವರೂ ಇದ್ದರು. ಹತ್ತೂ ಜನ ಒಟ್ಟಾಗಿ ಹೋಗಿ ಕೂತು ಮಾತಾಡಿದ್ದರೆ ಅರುವತ್ತು ಕೋಟಿಗೂ ಮಿಕ್ಕ ಜನರ ಮಾತು ಅದಾಗುತ್ತಿತ್ತು. ಆದದ್ದು ಬೇರೆ. ಒಗ್ಗಟ್ಟಿನ ಹೇಳಿಕೆಯೊಂದನ್ನು ಹೊರಡಿಸಿದರು. ಆಮೇಲೆ ಒಬ್ಬೊಬ್ಬರೇ ವಾಷಿಂಗ್ಟನ್ನಿಗೆ ಹೋಗಿ ತಮ್ಮ ತಮ್ಮ ದರ ಕುದುರಿಸಿಕೊಂಡು ಬಂದರು. ಬೋನಸ್ ಮಾತುಕತೆಯ ದಿನ ಯೂನಿಯನ್ನಿನವರನ್ನು ಒಬ್ಬೊಬ್ಬರನ್ನಾಗಿ ಮ್ಯಾನೇಜರನ ಕೋಣೆಗೆ ಕರೆಯುವ ಪದ್ಧತಿಯನ್ನು ನಾವು ನೋಡಿಲ್ಲವೇ? ಹೊರಗೆ ಬಂದವನು ಒಳಗೆ ಏನು ಒಪ್ಪಿದನೆಂದು ಹೇಳುವುದಿಲ್ಲ.

ಹೀಗಾಗುವುದಕ್ಕೆ ಸಂಘದ ಕಟ್ಟಳೆಯಲ್ಲಿಯೇ ಕಾರಣವಿದೆ. ಅಲ್ಲಿ ಮತ ಎಣಿಸುವುದಿಲ್ಲ, ಎಲ್ಲರೂ ಒಪ್ಪಿದರೆ ಮಾತ್ರ ಠರಾವು. ಒಬ್ಬ ತಲೆಯಲ್ಲಾಡಿಸಿದರೆ ಮುಗಿಯಿತು. ಜಕಾರ್ತದಲ್ಲಿರುವ ಅವರ ಕಚೇರಿಗೆ ಎಲ್ಲ ಸದಸ್ಯರೂ ಸಮಾನ ಚಂದಾ ಕೊಡಬೇಕೆಂದು 2008ರಲ್ಲಿ ಜಾರಿಗೆ ಬಂದ ಸನ್ನದಿನಲ್ಲಿ ಬರೆದಿದೆ. ಶ್ರೀಮಂತ ಸಿಂಗಾಪುರವೂ ಬಡ ಲಾವೋಸೂ ಒಂದೇ ಮೊತ್ತ! ಮೇಲ್ನೋಟಕ್ಕೆ ಇದು ಸಮಾನತೆ. ಒಳಹೊಕ್ಕು ನೋಡಿದರೆ ಬಡವನು ಕೊಡಬಲ್ಲಷ್ಟಕ್ಕೇ ಚಂದಾ ನಿಲ್ಲುತ್ತದೆ, ಕಚೇರಿ ಸೊರಗಿರುತ್ತದೆ, ಸೊರಗಿದ ಕಚೇರಿ ಯಾರನ್ನೂ ಗದರಲಾರದು. ಕಚೇರಿ ಗದರಬಾರದೆಂಬುದೇ ದೊಡ್ಡವರ ಇಷ್ಟವೆಂದು ನಮ್ಮ ಗುಮಾನಿ. ನಮ್ಮ ಸಂಘದಲ್ಲಿ ಮೊದಲಿನಿಂದಲೂ ಪಗಾರಕ್ಕೆ ತಕ್ಕ ಚಂದಾ ಇಟ್ಟಿರುವುದನ್ನು ಕೆಲವರು ಪ್ರತಿವರ್ಷ ಆಕ್ಷೇಪಿಸುವುದರಿಂದ ಈ ಉದಾಹರಣೆಯನ್ನು ಬೇಕೆಂದೇ ಕೊಟ್ಟಿದ್ದೇವೆ.

ಭಾರತಕ್ಕೂ ಈ ಸಂಘಕ್ಕೂ ಮಾಲಿನ ಒಪ್ಪಂದವಿದೆ. 2009ರ ಆಗಸ್ಟಿನಲ್ಲಿ ಸಹಿಯಾಗಿ 2010ರ ಜನವರಿ 1ರಿಂದ ನಡೆಯಿತು. ಅಂದಿನಿಂದ ನಾವು ಕೊಳ್ಳುವುದು ಬೆಳೆದಷ್ಟು ಮಾರುವುದು ಬೆಳೆಯಲಿಲ್ಲ. 2022-23ರಲ್ಲಿ ಕೊರತೆ 40 ಶತಕೋಟಿ ಡಾಲರಿಗೂ ಮೇಲಿತ್ತು. ಕೊಡಗು, ಚಿಕ್ಕಮಗಳೂರು, ಹಾಸನದ ಕರಿಮೆಣಸಿನ ಬೆಳೆಗಾರರಿಗೆ ಇದರ ಕಹಿ ಚೆನ್ನಾಗಿ ಗೊತ್ತು. ವಿಯೆಟ್ನಾಮಿನ ಅಗ್ಗದ ಮೆಣಸು ಸಿಂಹಳದ ಜನ್ಮಪತ್ರ ಹಚ್ಚಿಕೊಂಡು ಕಡಿಮೆ ಸುಂಕದಲ್ಲಿ ಒಳಗೆ ಬರುತ್ತಿದೆಯೆಂದು ಅವರು ದೂರಿದರು. ಕೊನೆಗೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸನ್ನು ತರಿಸಕೂಡದೆಂದು ಸರಕಾರ ಆಜ್ಞೆ ಮಾಡಿತು. ಊರಿನಲ್ಲಿ ತೋಟದ ಕೂಲಿ ಕಡಿಮೆಯಾದರೆ ಮುಂಬಯಿ ಬಸ್ಸು ಹತ್ತುವ ಹುಡುಗರು ಹೆಚ್ಚುತ್ತಾರೆ, ಹೆಚ್ಚಿದರೆ ಇಲ್ಲಿ ನಮ್ಮ ಪಗಾರ ಇಳಿಯುತ್ತದೆ. ಇದಕ್ಕೆ ಅರ್ಥಶಾಸ್ತ್ರ ಓದಬೇಕಾಗಿಲ್ಲ.

2019ರ ನವೆಂಬರ್ 4ರಂದು, ಈ ಸಂಘವೂ ಚೀನ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳೂ ಸೇರಿ ಮಾಡಿಕೊಳ್ಳಲಿದ್ದ ಇನ್ನೂ ದೊಡ್ಡ ಒಪ್ಪಂದದಿಂದ ಭಾರತ ಹೊರಗುಳಿಯಿತು. ಉಳಿದ ಹದಿನೈದು ದೇಶಗಳು 2020ರ ನವೆಂಬರಿನಲ್ಲಿ ಸಹಿ ಹಾಕಿದವು. ನ್ಯೂಜಿಲೆಂಡಿನ ಹಾಲಿನ ಪುಡಿಗೆ ಹೆದರಿ ಕರ್ನಾಟಕದ ಹಾಲು ಉತ್ಪಾದಕರೂ ಇದನ್ನು ವಿರೋಧಿಸಿದ್ದರು. ಹೊರಗುಳಿದದ್ದು ಸರಿಯೆಂದೇ ನಮ್ಮ ಅಭಿಪ್ರಾಯ, ಆದರೆ ಹೊರಗೆ ಕೂತು ಗೊಣಗುವುದು ಒಂದು ನೀತಿಯಾಗಲಾರದು. 2010ರ ಹಳೆಯ ಒಪ್ಪಂದವನ್ನು ತಿದ್ದುವ ಮಾತುಕತೆಯನ್ನು 2025ರೊಳಗೆ ಮುಗಿಸುವುದೆಂದು ಎರಡೂ ಕಡೆಯವರು 2023ರಲ್ಲಿ ಗೊತ್ತುಮಾಡಿಕೊಂಡಿದ್ದರು. ಇಂಥ ಮಾತುಕತೆಗೆ ಹೋಗುವಾಗ ಉಕ್ಕಿನವರು, ರಸಾಯನದವರು, ಎಣ್ಣೆ ಗಿರಣಿಯವರು ಮಂತ್ರಿಗಳ ಬಾಗಿಲಲ್ಲಿ ನಿಂತು ಅರ್ಜಿ ಕೊಡುತ್ತಾರೆ. ಕೆಲಸಗಾರರ ಸಂಘಗಳು ಯಾಕೆ ಅರ್ಜಿ ಕೊಡಬಾರದು? ನಾವು ಕೇಳುವುದು ಹೆಚ್ಚೇನಲ್ಲ. ಮೆಣಸಿನ ಜನ್ಮಪತ್ರವನ್ನು ಪರೀಕ್ಷಿಸುವಷ್ಟೇ ಎಚ್ಚರದಿಂದ, ಆ ಮಾಲು ಮಾಡಿದವರ ಪಗಾರವನ್ನೂ ದುಡಿಮೆಯ ತಾಸುಗಳನ್ನೂ ಪರೀಕ್ಷಿಸುವ ಒಂದು ಕಲಮು ಒಪ್ಪಂದದಲ್ಲಿರಲಿ. ಅಲ್ಲಿಯ 32 ಹುದ್ದೆಗಳ ಯಾದಿಯ ಮಾದರಿಯಲ್ಲಿ ನಮ್ಮ ಅಡಿಗೆಯವರ, ವೇಟರರ ಅರ್ಹತೆಯನ್ನು ಪರಸ್ಪರ ಮಾನ್ಯ ಮಾಡುವ ಮಾತೂ ಬರಲಿ. ಸಿಂಗಾಪುರ, ಕೌಲಾಲಂಪುರಗಳಲ್ಲಿ ಇಡ್ಲಿ ದೋಸೆಯ ಹೊಟೇಲುಗಳು ಎಷ್ಟೋ ಇವೆ. ಅಲ್ಲಿಗೆ ಹೋಗುವ ನಮ್ಮ ಹುಡುಗ ದಲ್ಲಾಳಿಗೆ ಸಾಲ ಮಾಡಿ ಹಣ ಸುರಿಯದೆ, ಸರಕಾರದ ಕಾಗದ ಹಿಡಿದು ಹೋಗುವಂತಾಗಲಿ. ಈ ಅರ್ಥದ ಠರಾವೊಂದನ್ನು ಬರುವ ಮಹಾಸಭೆಯ ಮುಂದೆ ಇಡಬೇಕೆಂದು ನಮ್ಮ ಸೂಚನೆ.

ಇದನ್ನು ಬರೆಯುತ್ತಿರುವಾಗ ಥಾಯ್ಲೆಂಡ್ ಕಾಂಬೋಡಿಯಾಗಳ ಗಡಿ ನಮ್ಮ ಕಣ್ಣ ಮುಂದಿದೆ. ಇಬ್ಬರೂ ಒಂದೇ ಸಂಘದ ಸದಸ್ಯರು, ಇಬ್ಬರ ಮಾಲಿಗೂ ಪರಸ್ಪರ ಸುಂಕ ಇಲ್ಲವೆನ್ನುವಷ್ಟು ಕಡಿಮೆ. 2025ರ ಜುಲೈ 24ರಿಂದ ಐದು ದಿನ ಇವರ ಸೈನ್ಯಗಳು ಹಳೆಯ ಗಡಿ ತಂಟೆಗಾಗಿ ಗುಂಡು ಹಾರಿಸಿದವು. ಮಲೇಶಿಯಾದ ಮಧ್ಯಸ್ಥಿಕೆಯಲ್ಲಿ ರಾಜಿಯಾಗಿ, ಡಿಸೆಂಬರಿನಲ್ಲಿ ಮತ್ತೆ ಹೊಡೆದಾಡಿದರು. ಥಾಯ್ಲೆಂಡಿನ ತೋಟ, ಕಟ್ಟಡ, ಮೀನಿನ ಕಾರಖಾನೆಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಕಾಂಬೋಡಿಯಾದವರು ಆ ಬೇಸಿಗೆ ಮಳೆಗಾಲಗಳಲ್ಲಿ ಗಂಟುಮೂಟೆ ಹೊತ್ತು, ಮಕ್ಕಳ ಕೈ ಹಿಡಿದು ಊರಿಗೆ ನಡೆದರು. ಎಷ್ಟೋ ಜನರ ತಿಂಗಳ ಪಗಾರ ಮಾಲೀಕರಲ್ಲಿಯೇ ಉಳಿಯಿತು. ಅದನ್ನು ವಸೂಲು ಮಾಡಿಕೊಡುವ ಕಚೇರಿಯೊಂದನ್ನು ಆ ಸಂಘವು ತನ್ನ ಅರುವತ್ತು ವರ್ಷಗಳಲ್ಲಿ ತೆರೆದಿಲ್ಲ.